ಇ-ಮೇಲ್ ಒಡಲೊಳಗೆ ಕನ್ನಡ: ಪತ್ರದ ಭಾಗಗಳನ್ನು ತಂತ್ರಾಂಶ ಬಿಡಿಸಿ ಓದುವ ಬಗೆ

ಇ-ಮೇಲ್ ಪೆಟ್ಟಿಗೆ ತೆರೆದಾಗ ವಿಷಯದ ಸಾಲಿನಲ್ಲಿ ಕನ್ನಡ ಕಾಣಿಸದೆ, ಪ್ರಶ್ನಾರ್ಥಕ ಚಿಹ್ನೆಗಳ ನಡುವೆ '4ಎಲ್‌ಕೆ', '4ಎಲ್‌ಓ' ಎಂಬ ರೋಮನ್ ಅಕ್ಷರಗಳ ಗುಂಪು ಸಾಲುಗಟ್ಟಿ ನಿಂತಿರುವುದನ್ನು ಕಂಡ ಓದುಗರು ಅನೇಕರಿದ್ದಾರೆ. ವೈರಸ್ ಬಂದಿರಬೇಕೆಂದು ಹೆದರಿ ಅಂಥ ಪತ್ರಗಳನ್ನು ಅಳಿಸಿಹಾಕಿದವರೂ ಉಂಟು. ವಾಸ್ತವದಲ್ಲಿ ಅದು ಅಪ್ಪಟ ಕನ್ನಡವೇ. ಹಾದಿಯಲ್ಲಿ ತೊಡಿಸಿದ ವೇಷವನ್ನು ಕಳಚುವ ಕೆಲಸವನ್ನು ಸ್ವೀಕರಿಸಿದ ತಂತ್ರಾಂಶ ಮಾಡಿಲ್ಲ, ಅಷ್ಟೆ.

ಈ ವೇಷ ಏಕೆ ಬೇಕಾಯಿತು ಎಂಬುದಕ್ಕೆ ತುಸು ಹಿಂದೆ ಹೋಗಬೇಕು. 1982ರಲ್ಲಿ ರೂಪುಗೊಂಡ ಇ-ಮೇಲ್ ನಿಯಮಗಳು ಏಳು ಬಿಟ್‌ಗಳ ಆಸ್ಕಿ ಸಂಕೇತವನ್ನು ಮಾತ್ರ ಬಲ್ಲವಾಗಿದ್ದವು. ಅಂದರೆ ಇಂಗ್ಲಿಷ್ ಅಕ್ಷರ, ಅಂಕಿ, ಕೆಲವು ಚಿಹ್ನೆಗಳು. ಕನ್ನಡವಿರಲಿ, ಫ್ರೆಂಚ್ ಭಾಷೆಯ ಗೀಟಿನ ಅಕ್ಷರಕ್ಕೂ ಅಲ್ಲಿ ಜಾಗವಿರಲಿಲ್ಲ. ಚಿತ್ರ, ಧ್ವನಿಗಳ ಮಾತಂತೂ ದೂರ. ನಥಾನಿಯಲ್ ಬೋರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ಎಂಬ ತಜ್ಞರು ಇದಕ್ಕೆ ಪರಿಹಾರವಾಗಿ 'ಮೈಮ್' ಎಂಬ ವ್ಯವಸ್ಥೆಯನ್ನು 1992ರಲ್ಲಿ ಮುಂದಿಟ್ಟರು. ಆ ವರ್ಷದ ಮಾರ್ಚ್ 11ರಂದು ಬೋರೆನ್‌ಸ್ಟೈನ್ ತಮ್ಮ ಗಾಯನ ತಂಡದ ಚಿತ್ರವನ್ನು ಪತ್ರಕ್ಕೆ ಲಗತ್ತಿಸಿ ಕಳುಹಿಸಿದರು. 1996ರ ನವೆಂಬರ್‌ನಲ್ಲಿ ಪರಿಷ್ಕೃತಗೊಂಡ ಅದರ ನಿಯಮಾವಳಿಯೇ ಇಂದಿಗೂ ಬುನಾದಿ.

ಮೈಮ್‌ನ ಜಾಣತನ ಇರುವುದು ಹಳೆಯ ಅಂಚೆ ದಾರಿಯನ್ನು ಮುಟ್ಟದೇ ಬಿಟ್ಟದ್ದರಲ್ಲಿ. ದಾರಿಗೆ ಗೊತ್ತಿರುವ ಅಕ್ಷರಗಳಲ್ಲೇ ಎಲ್ಲವನ್ನೂ ಬರೆದು, ಹೇಗೆ ಬಿಡಿಸಬೇಕೆಂಬ ಚೀಟಿಯನ್ನು ಜೊತೆಗಿಟ್ಟು ಕಳುಹಿಸುವುದು ಅದರ ಉಪಾಯ.

ಪತ್ರವೆಂಬ ಮರ

ಪ್ರತಿ ಇ-ಮೇಲ್‌ನ ಮೂಲರೂಪದಲ್ಲಿ ಮೊದಲು ತಲೆಸಾಲುಗಳು, ಆಮೇಲೆ ಒಂದು ಖಾಲಿ ಸಾಲು, ಅನಂತರ ಒಡಲು. ಆ ಖಾಲಿ ಸಾಲೇ ಗಡಿ. ಒಡಲಿನಲ್ಲಿ ಹಲವು ಭಾಗಗಳಿದ್ದರೆ 'ಬೌಂಡರಿ' ಎಂಬ ಬೇಲಿಯ ಸಾಲನ್ನು ತಲೆಸಾಲಿನಲ್ಲೇ ಘೋಷಿಸಲಾಗುತ್ತದೆ. ಎರಡು ಅಡ್ಡಗೆರೆಯೊಡನೆ ಆ ಸಾಲು ಬಂದಲ್ಲೆಲ್ಲ ಹೊಸ ಭಾಗ ಆರಂಭ. ಕೊನೆಯಲ್ಲಿಯೂ ಎರಡು ಅಡ್ಡಗೆರೆ ಸೇರಿದ್ದರೆ ಅಲ್ಲಿಗೆ ಮುಕ್ತಾಯ. ಪ್ರತಿ ಭಾಗಕ್ಕೂ ತನ್ನದೇ ಚಿಕ್ಕ ತಲೆಸಾಲುಗಳು, ಖಾಲಿ ಸಾಲು, ಒಡಲು ಇರುತ್ತವೆ. ಒಂದು ಭಾಗದೊಳಗೆ ಮತ್ತೆ ಭಾಗಗಳಿರಬಹುದಾದ್ದರಿಂದ ಇದು ಪಟ್ಟಿಯಲ್ಲ, ಕೊಂಬೆಯೊಡೆದ ಮರ. ಮೇಲಿನಿಂದ ಕೆಳಗೆ ಒಂದೇ ಓಟದಲ್ಲಿ ಓದಿ ಮುಗಿಸುವ ತಂತ್ರಾಂಶಗಳು ಎಡವುವುದು ಇಲ್ಲಿಯೇ.

ಒಂದೇ ಪತ್ರವನ್ನು ಸರಳ ಪಠ್ಯ ಮತ್ತು ಎಚ್‌ಟಿಎಂಎಲ್ ಎಂಬ ಎರಡು ರೂಪಗಳಲ್ಲಿ ಕಳುಹಿಸುವ ಪದ್ಧತಿಯೂ ಇದೆ. ಆಗ ಭಾಗಗಳು ಸರಳದಿಂದ ಸಮೃದ್ಧದ ಕ್ರಮದಲ್ಲಿರುತ್ತವೆ. ತನಗೆ ತಿಳಿದಿರುವ ಕಡೆಯ ರೂಪವನ್ನು ತಂತ್ರಾಂಶ ಆರಿಸಿಕೊಳ್ಳಬೇಕು. ಎರಡನ್ನೂ ತೋರಿಸಿದರೆ ಪತ್ರ ಎರಡು ಬಾರಿ ಬಂದಂತೆ ಕಾಣುತ್ತದೆ.

ಒಂದು 'ಕ', ನಾಲ್ಕು ಚಿಹ್ನೆ

ಇನ್ನು ವೇಷದ ವಿಚಾರ. ಯೂನಿಕೋಡ್‌ನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್‌ಗಳು ಬೇಕು. 'ಕ' ಎಂದರೆ ಇ0, ಬಿ2, 95. ಬೇಸ್-64 ಎಂಬ ವಿಧಾನವು ಮೂರು ಬೈಟ್‌ಗಳನ್ನು ಒಟ್ಟಿಗೆ ತೆಗೆದುಕೊಂಡು, ಅವುಗಳ 24 ಬಿಟ್‌ಗಳನ್ನು ಆರಾರರಂತೆ ನಾಲ್ಕು ಪಾಲು ಮಾಡಿ, ಪ್ರತಿ ಪಾಲಿಗೂ 64 ಚಿಹ್ನೆಗಳಲ್ಲಿ ಒಂದನ್ನು ನೀಡುತ್ತದೆ. ಹಾಗಾಗಿ 'ಕ' ಹೋಗಿ '4ಎಲ್‌ಕೆವಿ' ಎಂಬ ನಾಲ್ಕು ಚಿಹ್ನೆಗಳಾಗುತ್ತದೆ. ಕನ್ನಡದ ಸಂಕೇತಗಳೆಲ್ಲ ಇ0-ಬಿ2 ಅಥವಾ ಇ0-ಬಿ3 ಎಂದೇ ಆರಂಭವಾಗುವುದರಿಂದ, ಪದವು '4ಎಲ್‌ಕೆ' ಮತ್ತು '4ಎಲ್‌ಓ'ಗಳ ಮಾಲೆಯಾಗುತ್ತದೆ. ನಡುವೆ ಒಂದೇ ಬೈಟ್‌ನ ಖಾಲಿ ಜಾಗ ಬಂತೆಂದರೆ ತಾಳ ತಪ್ಪಿ ಮಾಲೆ ಬೇರೆ ರೂಪ ತಾಳುತ್ತದೆ.

ಇನ್ನೊಂದು ವಿಧಾನ 'ಕೋಟೆಡ್ ಪ್ರಿಂಟಬಲ್'. ಇಂಗ್ಲಿಷ್ ಅಕ್ಷರಗಳನ್ನು ಹಾಗೆಯೇ ಉಳಿಸಿ, ಉಳಿದ ಪ್ರತಿ ಬೈಟನ್ನೂ ಸಮ ಚಿಹ್ನೆಯ ಮುಂದೆ ಎರಡು ಅಂಕಿಗಳಲ್ಲಿ ಬರೆಯುತ್ತದೆ. ಅಲ್ಲಲ್ಲಿ ಮಾತ್ರ ಅನ್ಯ ಅಕ್ಷರವಿರುವ ಐರೋಪ್ಯ ಭಾಷೆಗಳಿಗೆ ಇದು ಮಿತವ್ಯಯ, ನಮಗೆ ದುಬಾರಿ. 'ನಮಸ್ಕಾರ' ಎಂಬ ಪದದಲ್ಲಿ ಏಳು ಸಂಕೇತಗಳು, 21 ಬೈಟ್‌ಗಳಿವೆ. ಬೇಸ್-64ರಲ್ಲಿ ಅದು 28 ಚಿಹ್ನೆಯಾದರೆ ಕೋಟೆಡ್ ಪ್ರಿಂಟಬಲ್‌ನಲ್ಲಿ 63! ಲಗತ್ತುಗಳಿಗೂ ಬೇಸ್-64ರ ಸುಂಕವಿದೆ. ಕಡತವು ಮೂರನೇ ಒಂದು ಪಾಲಿನಷ್ಟು ಉಬ್ಬುತ್ತದೆ. ಮಿತಿ 25 ಎಂಬಿ ಎಂದಿದ್ದರೂ ಸುಮಾರು 18 ಎಂಬಿ ದಾಟಿದ ಕಡತ ವಾಪಸ್ ಬರುವುದರ ಗುಟ್ಟು ಇದೇ.

ವೇಷ ಕಳಚಿದರೆ ಕೆಲಸ ಅರ್ಧ ಮಾತ್ರ ಮುಗಿದಂತೆ. ಕೈಗೆ ಸಿಕ್ಕಿದ್ದು ಬೈಟ್‌ಗಳು, ಅಕ್ಷರಗಳಲ್ಲ. ಯಾವ ಸಂಕೇತ ಪದ್ಧತಿ ಎಂಬುದನ್ನು ಚೀಟಿ ನೋಡಿ ತಿಳಿಯಬೇಕು. ಪೈಥಾನ್ ಭಾಷೆಯ ಪ್ರಸಿದ್ಧ ಇ-ಮೇಲ್ ಗ್ರಂಥಾಲಯವನ್ನು ಬಳಸುವ ಹೊಸಬರು ಈ ಎರಡು ಹಂತಗಳನ್ನು ಒಂದೆಂದು ಭಾವಿಸಿ ಪೇಚಿಗೆ ಸಿಲುಕುವುದುಂಟು. ಯುಟಿಎಫ್-8 ಪತ್ರವನ್ನು ಪಶ್ಚಿಮ ಐರೋಪ್ಯ ಪದ್ಧತಿಯೆಂದು ಓದಿದರೆ 'ಕ' ಅಕ್ಷರದ ಜಾಗದಲ್ಲಿ ತಲೆಯ ಮೇಲೆ ಗೀಟುಳ್ಳ 'ಎ', ಮೇಲಕ್ಕೇರಿದ ಪುಟ್ಟ 2, ಒಂದು ಕಪ್ಪು ಚುಕ್ಕೆ ಮೂಡುತ್ತವೆ. ಆ ಗೀಟಿನ 'ಎ' ಪಕ್ಕ ಪುಟ್ಟ 2 ಅಥವಾ 3 ಪುಟದ ತುಂಬ ಕಂಡರೆ ಅದೂ ಕನ್ನಡವೇ ಎಂದು ತಿಳಿಯಿರಿ.

ವಿಷಯದ ಸಾಲಿನ ಇಕ್ಕಟ್ಟು

ತಲೆಸಾಲುಗಳ ನಿಯಮ ಇನ್ನೂ ಬಿಗಿ. ಅಲ್ಲಿ ವೇಷ ತೊಟ್ಟ ಒಂದು ತುಂಡು 75 ಚಿಹ್ನೆ ಮೀರುವಂತಿಲ್ಲ. ಪದ್ಧತಿಯ ಹೆಸರು ಮತ್ತು ಆವರಣಕ್ಕೆ 12 ಹೋದರೆ ಬೇಸ್-64ಕ್ಕೆ ದಕ್ಕುವುದು 60, ಅಂದರೆ ಕನ್ನಡದ 15 ಸಂಕೇತಗಳು. ಕೊಂಬು, ಒತ್ತುಗಳನ್ನೂ ಲೆಕ್ಕ ಹಿಡಿಯುವುದರಿಂದ ಎರಡು ಮೂರು ಪದಗಳಿಗೇ ಮಿತಿ ಮುಗಿದು ತುಂಡುಗಳಾಗುತ್ತವೆ. ಓದುವಾಗ ತುಂಡುಗಳ ನಡುವಿನ ಖಾಲಿ ಜಾಗವನ್ನು ತೆಗೆದುಹಾಕಬೇಕು. ಮರೆತರೆ ಪದದ ನಡುವೆ ಬಿರುಕು. ಕಳುಹಿಸುವವರು ಒಂದು ಸಂಕೇತದ ಮೂರು ಬೈಟ್‌ಗಳನ್ನು ಎರಡು ತುಂಡುಗಳಿಗೆ ಹಂಚಬಾರದೆಂದು ನಿಯಮವಿದ್ದರೂ ಪಾಲಿಸದ ತಂತ್ರಾಂಶಗಳಿವೆ. ಕಪ್ಪು ವಜ್ರಾಕೃತಿಯೊಳಗಿನ ಪ್ರಶ್ನಾರ್ಥಕ ಚಿಹ್ನೆ ವಿಷಯದ ಸಾಲಿನಲ್ಲಿ ಕಂಡರೆ ಇದೇ ಕಾರಣವಿರಬಹುದು. ತಲೆಸಾಲುಗಳಲ್ಲಿ ಯುಟಿಎಫ್-8 ಅನ್ನು ನೇರವಾಗಿ ಬಳಸಲು 2012ರ ನಿಯಮಗಳು ಅವಕಾಶ ನೀಡಿವೆಯಾದರೂ, ದಾರಿಯಲ್ಲಿರುವ ಎಲ್ಲ ಯಂತ್ರಗಳೂ ಒಪ್ಪಿದರೆ ಮಾತ್ರ ಅದು ಸಾಧ್ಯ.

ಲಗತ್ತಿನ ಹೆಸರಿಗೆ ಪ್ರತ್ಯೇಕ ನಿಯಮವಿದ್ದು, ಅದನ್ನು ಬಿಟ್ಟು ವಿಷಯದ ಸಾಲಿನ ಕ್ರಮವನ್ನೇ ಅನುಸರಿಸುವ ತಂತ್ರಾಂಶಗಳು ಹೇರಳ. ಎರಡನ್ನೂ ಬಿಡಿಸಲು ಬಾರದ ತಂತ್ರಾಂಶಕ್ಕೆ ಉಳಿಗಾಲವಿಲ್ಲ.

ಇವೆಲ್ಲ ಸರಿಯಿದ್ದೂ ಓದಲಾಗದ ಕನ್ನಡ ಪತ್ರಗಳಿವೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಬರೆದ ಬರಹ ಅಂಥದ್ದು. ಅಲ್ಲಿ ಕನ್ನಡದ ಆಕೃತಿಯನ್ನು ರೋಮನ್ ಅಕ್ಷರದ ಸಂಖ್ಯೆಗೆ ಕೂಡಿಸಲಾಗಿತ್ತು. ಮೈಮ್ ಅದನ್ನು ನಿಷ್ಠೆಯಿಂದ ತಲುಪಿಸುತ್ತದೆ, ಆದರೆ ಆ ಫಾಂಟ್ ಇಲ್ಲದೆಡೆ ಕಾಣುವುದು ಗೀಟಿನ ರೋಮನ್ ಅಕ್ಷರಗಳ ರಾಶಿ. ಸುದ್ದಿಮನೆಗೆ ತಾಲ್ಲೂಕುಗಳಿಂದ ಬರುತ್ತಿದ್ದ ಎಷ್ಟೋ ವರದಿಗಳನ್ನು ಪರಿವರ್ತಕದಲ್ಲಿ ಹಾಯಿಸಿ, ಅರ್ಕಾವತ್ತು ಸ್ಥಾನಪಲ್ಲಟಗೊಂಡದ್ದನ್ನು ಕೈಯಿಂದಲೇ ತಿದ್ದಿದ ನೆನಪು ಈ ವರದಿಗಾರನಿಗಿದೆ.

ತಪ್ಪು ಓದಿನ ಬೆಲೆ

ಅಂದಗೆಟ್ಟ ಅಕ್ಷರಗಳಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಒಂದೇ ಪತ್ರವನ್ನು ಕಾವಲು ತಂತ್ರಾಂಶ ಒಂದು ಬಗೆಯಲ್ಲಿ, ಬಳಕೆದಾರನ ತಂತ್ರಾಂಶ ಇನ್ನೊಂದು ಬಗೆಯಲ್ಲಿ ಓದಿದರೆ, ಕಾವಲುಗಾರನ ಕಣ್ಣಿಗೆ ಬೀಳದ ಲಗತ್ತು ಬಳಕೆದಾರನ ಮುಂದೆ ತೆರೆದುಕೊಳ್ಳುತ್ತದೆ. ಎರಡೆರಡು ಬೌಂಡರಿ ಘೋಷಣೆ, ಬೇಸ್-64ರ ನಡುವೆ ಸಲ್ಲದ ಚಿಹ್ನೆ ಮುಂತಾದ ಬೇಕೆಂದೇ ಮಾಡಿದ ತಪ್ಪುಗಳು ದುಷ್ಕರ್ಮಿಗಳ ಸಾಧನ.

2018ರ ಮೇ ತಿಂಗಳಲ್ಲಿ ಜರ್ಮನಿ ಮತ್ತು ಬೆಲ್ಜಿಯಂ ಸಂಶೋಧಕರು ಬಯಲಿಗೆಳೆದ 'ಇ-ಫೇಲ್' ದೋಷ ಇನ್ನೂ ಗಂಭೀರ. ಗೂಢಲಿಪೀಕರಿಸಿದ ಪತ್ರವನ್ನು ಕದ್ದವನು ಅದರ ಮುಂದೆ ಚಿತ್ರದ ವಿಳಾಸವೊಂದನ್ನು ಅರ್ಧಕ್ಕೆ ತೆರೆದಿಟ್ಟ ಎಚ್‌ಟಿಎಂಎಲ್ ಭಾಗವನ್ನೂ, ಹಿಂದೆ ಆ ವಿಳಾಸವನ್ನು ಮುಚ್ಚುವ ಭಾಗವನ್ನೂ ಸೇರಿಸಿ ಮರಳಿ ಕಳುಹಿಸುತ್ತಾನೆ. ಆಪಲ್ ಮೇಲ್, ಥಂಡರ್‌ಬರ್ಡ್ ಮೊದಲಾದವು ನಡುವಿನ ಗುಟ್ಟನ್ನು ಬಿಡಿಸಿ, ಮೂರನ್ನೂ ಒಂದೇ ಪುಟವಾಗಿ ಹೊಲಿದುಬಿಡುತ್ತಿದ್ದವು. ಚಿತ್ರ ತರಲು ಹೋದ ಕೋರಿಕೆಯೊಂದಿಗೆ ಪತ್ರದ ಸಾರವೂ ಕಳ್ಳನ ಯಂತ್ರಕ್ಕೆ ತಲುಪುತ್ತಿತ್ತು. ಬೀಗ ಮುರಿಯಲೇ ಇಲ್ಲ; ಭಾಗಗಳ ನಡುವಿನ ಗೋಡೆಯನ್ನು ತಂತ್ರಾಂಶವೇ ಕೆಡವಿತ್ತು. ಅನಂತರ ತಯಾರಕರು ತಿದ್ದುಪಡಿ ಹೊರಡಿಸಿದರು.

ಓದಲಾಗದ ಪತ್ರ ಬಂದಾಗ ಓದುಗರು ಅದನ್ನು ಅಳಿಸುವ ಮುನ್ನ ಮೂಲರೂಪವನ್ನು ತೆರೆದು ನೋಡಬಹುದು. ಜಿಮೇಲ್‌ನಲ್ಲಿ ಇದಕ್ಕೆ 'ಶೋ ಒರಿಜಿನಲ್' ಎಂಬ ಆಯ್ಕೆಯಿದೆ. ತಲೆಸಾಲಿನ ಚೀಟಿಯಲ್ಲಿ ಯುಟಿಎಫ್-8 ಎಂದಿದ್ದು ಒಡಲಲ್ಲಿ '4ಎಲ್‌ಕೆ' ಕಂಡರೆ ಪತ್ರ ಸುರಕ್ಷಿತವಾಗಿ ತಲುಪಿದೆ, ಬೇರೊಂದು ತಂತ್ರಾಂಶದಲ್ಲಿ ತೆರೆದರೆ ಸಾಕು. ಒಡಲಿನಲ್ಲಿ ಬರಿಯ ಪ್ರಶ್ನಾರ್ಥಕ ಚಿಹ್ನೆಗಳೇ ಇದ್ದರೆ ಮೂಲ ಬೈಟ್‌ಗಳು ದಾರಿಯಲ್ಲೇ ಕಳೆದುಹೋಗಿವೆ. ಮತ್ತೆ ಕಳುಹಿಸುವಂತೆ ಕೇಳುವುದೊಂದೇ ಉಳಿದ ದಾರಿ.