ಮೈಸೂರಿನ ಬೀಡಿ ಕಾರ್ಮಿಕ ಕುಟುಂಬಗಳು: ಕೂಲಿ, ಸಾಲ ಮತ್ತು ಲೆಕ್ಕದ ಪುಸ್ತಕ

ಮೈಸೂರಿನ ಚರಿತ್ರೆ ಎಂದ ಕೂಡಲೇ ಅರಮನೆ, ದಸರಾ, ಹೈದರ್ ಅಲಿ, ಟಿಪ್ಪು ಸುಲ್ತಾನ್, ಒಡೆಯರು, ದಿವಾನರು ನಮ್ಮ ನೆನಪಿಗೆ ಬರುತ್ತಾರೆ. ಇವರೆಲ್ಲ ನಮ್ಮ ಪಠ್ಯಪುಸ್ತಕದಲ್ಲಿದ್ದಾರೆ; ಇರಬೇಕಾದುದೂ ಸರಿ. ಆದರೆ ಇದೇ ನಗರದ ಮಂಡಿ ಮೊಹಲ್ಲಾ, ಉದಯಗಿರಿ, ಶಾಂತಿನಗರ, ರಾಜೀವನಗರ, ಕೆಸರೆ ಮುಂತಾದ ಕಡೆಗಳ ಮನೆಗಳಲ್ಲಿ ಇನ್ನೊಂದು ಚರಿತ್ರೆ ನಡೆದಿದೆ. ಅದು ಬೀಡಿ ಕಟ್ಟಿ, ಊದುಬತ್ತಿ ಹೊಸೆದು ಸಂಸಾರ ಸಾಗಿಸಿದ ತಾಯಂದಿರ ಚರಿತ್ರೆ. ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಕೆಲವರ ಶಾಲೆಯ ಶುಲ್ಕ ಬಂದದ್ದೂ ಆ ದುಡಿಮೆಯಿಂದಲೇ ಇರಬಹುದು.

ಹಗಲಿರುಳು ದುಡಿದರೂ ಈ ಮನೆಗಳ ಸಾಲ ಏಕೆ ತೀರಲಿಲ್ಲ? ಬಡವರನ್ನು ಕಾಪಾಡುವ ಕಾಯ್ದೆಗಳು ಇರಲಿಲ್ಲವೇ? ಇದ್ದವು. ಒಂದಲ್ಲ, ಹತ್ತಾರು ಇದ್ದವು. ಹಾಗಿದ್ದರೂ ಅವು ಮನೆಯ ಹೊಸ್ತಿಲು ದಾಟಿ ಒಳಗೆ ಬರಲು ಏಕೆ ಕಷ್ಟಪಟ್ಟವು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಎಲೆ, ತಂಬಾಕು, ದಾರ

ಬೀಡಿಯ ಎಲೆ ನಮ್ಮ ಊರಿನದಲ್ಲ. ಅದು ಮಧ್ಯಪ್ರದೇಶ, ಛತ್ತೀಸಗಡ, ಒಡಿಶಾ, ಮಹಾರಾಷ್ಟ್ರಗಳ ಕಾಡಿನಿಂದ ಬರುತ್ತದೆ. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಬೆಳೆಯುವ ತಂಬಾಕು ಸಿಗರೇಟಿನದು. ಬೀಡಿಯ ತಂಬಾಕಿಗೆ ಹೆಸರಾದದ್ದು ನಿಪ್ಪಾಣಿ ಮತ್ತು ಗುಜರಾತ್. ಹೀಗೆ ದೂರದ ಊರುಗಳಿಂದ ಬಂದ ಎಲೆ ಮತ್ತು ತಂಬಾಕು ಗುತ್ತಿಗೆದಾರನ ಮೂಲಕ ಮನೆಗೆ ಬಂದು, ಬೀಡಿಯಾಗಿ ಮತ್ತೆ ಅವನ ಕೈಗೆ ಹೋಗುತ್ತದೆ. ಎಲೆಯನ್ನು ನೆನೆಸಿ, ಅಳತೆಗೆ ಕತ್ತರಿಸಿ, ತಂಬಾಕು ತುಂಬಿ, ಸುತ್ತಿ, ದಾರ ಕಟ್ಟಿ, ತುದಿ ಮಡಚಬೇಕು. ಕೂಲಿ ಸಿಗುವುದು ಸಾವಿರ ಬೀಡಿಗೆ ಇಷ್ಟು ಎಂದು. ಎಲೆ ಒಣಗಿದ್ದರೆ, ಹರಿದಿದ್ದರೆ ಸಾವಿರ ತುಂಬುವುದಿಲ್ಲ. ತುಂಬದಿದ್ದ ಎಲೆಯನ್ನು ಕೆಲಸಗಾರಳೇ ಕೊಂಡು ತರಬೇಕಾಗುತ್ತದೆ. ಕಟ್ಟಿಕೊಟ್ಟ ಬೀಡಿಯಲ್ಲಿ ಕೆಲವನ್ನು ಸರಿಯಿಲ್ಲವೆಂದು ತೆಗೆದುಹಾಕಿದರೆ ಅಷ್ಟರ ಕೂಲಿಯೂ ಹೋಗುತ್ತದೆ.

ಇದೇ ಮೈಸೂರಿನಲ್ಲಿ 1912ರಲ್ಲಿ ಸರ್ಕಾರದ ರೇಷ್ಮೆ ನೇಯ್ಗೆ ಕಾರ್ಖಾನೆ ಆರಂಭವಾಯಿತು. ಕಾರ್ಖಾನೆಗೆ ಗೇಟು ಇದೆ, ಹಾಜರಿ ಪುಸ್ತಕ ಇದೆ, ಕೆಲಸಕ್ಕೆ ಹೊತ್ತು ಇದೆ. ಅಲ್ಲಿ ದುಡಿದವನು 'ನಾನು ಇಲ್ಲಿನ ಕಾರ್ಮಿಕ' ಎಂದು ತೋರಿಸಬಲ್ಲ. ಮನೆಯೊಳಗೆ ಬೀಡಿ ಕಟ್ಟುವವಳಿಗೆ ಗೇಟೂ ಇಲ್ಲ, ಹಾಜರಿಯೂ ಇಲ್ಲ. ಈ ವ್ಯತ್ಯಾಸವನ್ನು ನೆನಪಿನಲ್ಲಿಡಿ. ಮುಂದಿನ ಕಥೆಯೆಲ್ಲ ಇದರ ಸುತ್ತಲೇ ತಿರುಗುತ್ತದೆ.

ಮುಂಗಡಕ್ಕೆ ಅಡವಾದ ಮಕ್ಕಳು

ಕೂಲಿ ಸಾಲದಿದ್ದರೆ ಬಡವನು ಮೊದಲು ಕೈಚಾಚುವುದು ಕೆಲಸ ಕೊಟ್ಟವನ ಮುಂದೆಯೇ. ಮುಂಗಡ ತೆಗೆದುಕೊಂಡ ಮೇಲೆ ಕೂಲಿ ಹೆಚ್ಚಿಸಿ ಎಂದು ಕೇಳುವ ಬಾಯಿ ಕಟ್ಟಿಹೋಗುತ್ತದೆ. ಇದು ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಬ್ರಿಟಿಷರ ಕಾಲದ ಒಂದು ದಾಖಲೆ ಇದೆ. 1929ರಲ್ಲಿ ನೇಮಕವಾದ ರಾಯಲ್ ಕಾರ್ಮಿಕ ಆಯೋಗ 1931ರಲ್ಲಿ ವರದಿ ಕೊಟ್ಟಿತು. ತಂದೆತಾಯಿ ಮುಂಗಡ ಪಡೆದು ಮಕ್ಕಳ ದುಡಿಮೆಯನ್ನು ಅಡವಿಡುವ ಪದ್ಧತಿಯನ್ನು ಅದು ಅಮೃತಸರದ ರತ್ನಗಂಬಳಿ ಕೆಲಸದಲ್ಲಿಯೂ ಮದರಾಸು ಪ್ರಾಂತ್ಯದ ಬೀಡಿ ಕೆಲಸದಲ್ಲಿಯೂ ಕಂಡಿತು. ಇದರ ಫಲವಾಗಿ 1933ರಲ್ಲಿ ಮಕ್ಕಳ ದುಡಿಮೆಯ ಒತ್ತೆಯನ್ನು ನಿಷೇಧಿಸುವ ಕಾಯ್ದೆ ಬಂತು.

ಬಹಳ ವರ್ಷಗಳ ನಂತರ, 1986ರ ಬಾಲಕಾರ್ಮಿಕ ಕಾಯ್ದೆ ಬೀಡಿ ತಯಾರಿಕೆಯನ್ನು ಮಕ್ಕಳಿಗೆ ನಿಷಿದ್ಧವಾದ ಕೆಲಸಗಳ ಪಟ್ಟಿಗೆ ಸೇರಿಸಿತು. ಆದರೆ ಮನೆಯವರೇ ಕೂಡಿ ಮಾಡುವ ಕೆಲಸಕ್ಕೆ ಅದರಲ್ಲಿ ವಿನಾಯಿತಿ ಇತ್ತು. ಅಂದರೆ ಕಾರ್ಖಾನೆಯಲ್ಲಿ ಬೀಡಿ ಕಟ್ಟುವ ಹುಡುಗಿಯನ್ನು ಕಾಯ್ದೆ ಕಂಡಿತು. ತಾಯಿಯ ಪಕ್ಕ ಕುಳಿತು ತುದಿ ಮಡಚುವ ಹುಡುಗಿಯನ್ನು ಕಾಣಲಿಲ್ಲ. ಅವಳು ಶಾಲೆ ಬಿಟ್ಟದ್ದು ಯಾವ ಅಧಿಕಾರಿಯ ಲೆಕ್ಕಕ್ಕೂ ಬರಲಿಲ್ಲ. 2016ರ ತಿದ್ದುಪಡಿ 14 ವರ್ಷದೊಳಗಿನ ಮಕ್ಕಳನ್ನು ಎಲ್ಲ ಕೆಲಸಗಳಿಂದಲೂ ದೂರವಿಟ್ಟಿತು. ಮನೆಯ ಕೆಲಸಕ್ಕೆ ನೆರವಾಗಲು ಅವಕಾಶವಿದ್ದರೂ ಅದು ಅಪಾಯವಿಲ್ಲದ ಕೆಲಸಕ್ಕೆ, ಅದೂ ಶಾಲೆ ಮುಗಿದ ಮೇಲೆ ಮಾತ್ರ.

ಕಾರ್ಖಾನೆ ಮುಚ್ಚಿತು, ಕೆಲಸ ಮನೆಗೆ ಬಂತು

ಬೀಡಿ ಕಾರ್ಮಿಕರಿಗಾಗಿಯೇ ಪ್ರತ್ಯೇಕ ಕಾಯ್ದೆ ಬಂದದ್ದು 1966ರಲ್ಲಿ. ಅದರಲ್ಲಿ ಒಳ್ಳೆಯ ಅಂಶಗಳು ಹಲವು ಇದ್ದವು. ಬೀಡಿ ತಯಾರಿಸುವ ಸ್ಥಳಕ್ಕೆ ಪರವಾನಗಿ ಬೇಕು. ಅಲ್ಲಿ 14 ವರ್ಷದೊಳಗಿನ ಮಕ್ಕಳು ದುಡಿಯಬಾರದು. ಹೆಂಗಸರನ್ನು ಬೆಳಗ್ಗೆ 6ರಿಂದ ಸಂಜೆ 7 ಗಂಟೆಯ ಹೊರತು ದುಡಿಸಿಕೊಳ್ಳಬಾರದು. ಸಂಬಳ ಸಹಿತ ರಜೆ ಕೊಡಬೇಕು. ಎಲೆ ಕೊಡುವ ವಿಷಯದಲ್ಲಾಗಲಿ, ಬೀಡಿ ತಿರಸ್ಕರಿಸುವ ವಿಷಯದಲ್ಲಾಗಲಿ ತಕರಾರು ಬಂದರೆ ಅಧಿಕಾರಿಯ ಮುಂದೆ ಹೋಗಬಹುದು.

ಇದಕ್ಕೆ ಮಾಲೀಕರಲ್ಲಿ ಹಲವರು ಕೊಟ್ಟ ಉತ್ತರವೇನು? ಕೇರಳದಲ್ಲಿ 1968ರಲ್ಲಿ ಈ ಕಾಯ್ದೆಯನ್ನು ಜಾರಿಗೆ ತಂದಾಗ ಮಂಗಳೂರು ಗಣೇಶ್ ಬೀಡಿ ಸಂಸ್ಥೆ ಕಣ್ಣೂರು ಕಡೆಯ ತನ್ನ ಘಟಕಗಳನ್ನು ಮುಚ್ಚಿತು. ಸುಮಾರು 12,000 ಕಾರ್ಮಿಕರು ಕೆಲಸ ಕಳೆದುಕೊಂಡರು. ಆ ಕಾರ್ಮಿಕರು ಸುಮ್ಮನೆ ಕೂರಲಿಲ್ಲ. ಸರ್ಕಾರದ ನೆರವಿನಿಂದ 1969ರಲ್ಲಿ 'ಕೇರಳ ದಿನೇಶ್ ಬೀಡಿ' ಎಂಬ ಸಹಕಾರ ಸಂಘವನ್ನು ಕಟ್ಟಿ ತಾವೇ ಮಾಲೀಕರಾದರು. ಅದು ದೇಶಕ್ಕೇ ಮಾದರಿಯಾಯಿತು. ಆದರೆ ಬೇರೆ ಕಡೆಗಳಲ್ಲಿ ನಡೆದದ್ದು ಬೇರೆ. ಕಾರ್ಖಾನೆಗೆ ಕಾಯ್ದೆ ಬಂದಂತೆಲ್ಲ ಕೆಲಸ ಕಾರ್ಖಾನೆ ಬಿಟ್ಟು ಮನೆಗಳಿಗೆ ಹರಿಯಿತು. ರಾತ್ರಿ ಹೆಂಗಸರನ್ನು ದುಡಿಸಬಾರದೆಂಬ ನಿಯಮ ಕಾರ್ಖಾನೆಗೆ ಅನ್ವಯಿಸಿತು; ಮನೆಯಲ್ಲಿ ದೀಪದ ಬೆಳಕಿನಲ್ಲಿ ಹನ್ನೊಂದು ಗಂಟೆಯವರೆಗೆ ಬೀಡಿ ಕಟ್ಟುವವಳಿಗೆ ಅನ್ವಯಿಸಲಿಲ್ಲ.

ಮನೆಯಲ್ಲಿ ಕೆಲಸ ಮಾಡುವವರು ತಮ್ಮ ನೌಕರರೇ ಅಲ್ಲ ಎಂಬುದು ಮಾಲೀಕರ ವಾದವಾಗಿತ್ತು. ಈ ವಾದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1974ರಲ್ಲಿ ಮಂಗಳೂರು ಗಣೇಶ್ ಬೀಡಿ ಪ್ರಕರಣದಲ್ಲಿ ನ್ಯಾಯಾಲಯ 1966ರ ಕಾಯ್ದೆಯನ್ನು ಎತ್ತಿಹಿಡಿಯಿತು. 1985ರಲ್ಲಿ ಪಿ.ಎಂ. ಪಟೇಲ್ ಪ್ರಕರಣದಲ್ಲಿ, ಮನೆಯಲ್ಲಿ ಬೀಡಿ ಕಟ್ಟುವವರಿಗೂ ಭವಿಷ್ಯನಿಧಿ ಸಲ್ಲಬೇಕೆಂದು ತೀರ್ಪಾಯಿತು. ಈ ನಡುವೆ 1976ರಲ್ಲಿ ಬೀಡಿ ಕಾರ್ಮಿಕರ ಕಲ್ಯಾಣ ನಿಧಿ ಸ್ಥಾಪನೆಯಾಯಿತು. ಮೈಸೂರಿನಲ್ಲಿ ಬೀಡಿ ಕಾರ್ಮಿಕರ ಆಸ್ಪತ್ರೆ ಬಂದದ್ದು, ಕಾರ್ಮಿಕರ ಮಕ್ಕಳಿಗೆ ವಿದ್ಯಾರ್ಥಿವೇತನ ಸಿಕ್ಕಿದ್ದು, ಮನೆ ಕಟ್ಟಲು ಸಹಾಯಧನ ದೊರೆತದ್ದು ಈ ಏರ್ಪಾಡಿನಿಂದಲೇ.

ಆದರೆ ಇವೆಲ್ಲಕ್ಕೂ ಒಂದು ಷರತ್ತು ಇತ್ತು. ಗುರುತಿನ ಚೀಟಿ ಇರಬೇಕು, ಕೊಟ್ಟ ಎಲೆ ಮತ್ತು ಒಪ್ಪಿಸಿದ ಬೀಡಿಯ ಲೆಕ್ಕ ಬರೆದ ಪುಸ್ತಕ ಇರಬೇಕು. ತಾಯಿ, ಇಬ್ಬರು ಹೆಣ್ಣುಮಕ್ಕಳು, ಸೊಸೆ ಕೂಡಿ ಕಟ್ಟಿದ ಬೀಡಿ ಒಬ್ಬರ ಹೆಸರಿನಲ್ಲಿ ಹೋದರೆ ಉಳಿದ ಮೂವರು ಕಾಯ್ದೆಯ ಕಣ್ಣಿಗೆ ಕಾರ್ಮಿಕರೇ ಅಲ್ಲ. ಪುಸ್ತಕ ಗುತ್ತಿಗೆದಾರನ ಬಳಿಯೇ ಉಳಿದರೆ ಅದರಲ್ಲಿ ಏನು ಬರೆದಿದೆ ಎಂದು ಓದುವವರಾರು? ಇಪ್ಪತ್ತು ವರ್ಷ ಬೀಡಿ ಕಟ್ಟಿದವಳು ತಾನು ಬೀಡಿ ಕಟ್ಟಿದೆನೆಂದು ತೋರಿಸಲಾರದೆ ಹೋಗುವುದು ಹೀಗೆ.

2017ರಲ್ಲಿ ಜಿಎಸ್‌ಟಿ ಬಂದಾಗ, ಕಲ್ಯಾಣ ನಿಧಿಗೆಂದೇ ಬೀಡಿಯ ಮೇಲೆ ಹಾಕುತ್ತಿದ್ದ ಸೆಸ್ ರದ್ದಾಯಿತು. 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು 1966ರ ಕಾಯ್ದೆ ಅವುಗಳಲ್ಲಿ ಸೇರಿಹೋಯಿತು. ಕಾಯ್ದೆಯ ಹೆಸರು ಬದಲಾದರೂ ದಾಖಲೆ ಇಲ್ಲದವರ ಸ್ಥಿತಿ ಬದಲಾಗುವುದಿಲ್ಲ.

ಸಾಲ ಮನ್ನಾ ಆಯಿತು, ಕೂಲಿ ಹೆಚ್ಚಲಿಲ್ಲ

ಈಗ ಸಾಲದ ಕಡೆಗೆ ಬರೋಣ. ನಮ್ಮ ಜಿಲ್ಲೆಯವರೇ ಆದ ದೇವರಾಜ ಅರಸು ಅವರು ಮುಖ್ಯಮಂತ್ರಿಯಾಗಿದ್ದಾಗ 1976ರ ಋಣ ಪರಿಹಾರ ಕಾಯ್ದೆ ಬಂತು. ಸಣ್ಣ ರೈತರು, ಭೂಮಿಯಿಲ್ಲದ ಕೃಷಿ ಕಾರ್ಮಿಕರು, ದುರ್ಬಲ ವರ್ಗದವರು ಲೇವಾದೇವಿಗಾರರಿಗೆ ಕೊಡಬೇಕಿದ್ದ ಸಾಲ ಅದರಿಂದ ರದ್ದಾಯಿತು; ಗಿರವಿ ಇಟ್ಟ ವಸ್ತುಗಳನ್ನು ಹಿಂದಿರುಗಿಸಬೇಕೆಂದೂ ಆಯಿತು. ಅದು ದೊಡ್ಡ ಹೆಜ್ಜೆಯೇ. 2004ರಲ್ಲಿ ಮೀಟರ್ ಬಡ್ಡಿಯ ವಿರುದ್ಧ ಇನ್ನೊಂದು ಕಾಯ್ದೆ ಬಂತು. ತಿಂಗಳಿಗೆ ನೂರಕ್ಕೆ ಹತ್ತು ಎಂದರೆ ಕೇಳಲು ಸಣ್ಣದು. ವರ್ಷಕ್ಕೆ ಲೆಕ್ಕ ಹಾಕಿದರೆ ನೂರಕ್ಕೆ ನೂರಿಪ್ಪತ್ತು!

ಆದರೆ ಯೋಚಿಸಿ ನೋಡಿ. ಹಳೆಯ ಸಾಲವನ್ನು ರದ್ದು ಮಾಡುವ ಕಾಯ್ದೆ ಮುಂದಿನ ತಿಂಗಳ ಖರ್ಚಿಗೆ ದಾರಿ ಮಾಡುವುದಿಲ್ಲ. ಕೂಲಿ ಅಷ್ಟೇ ಇದ್ದು, ಮನೆ ಬಾಡಿಗೆ, ಔಷಧಿ, ಮದುವೆ, ಮಕ್ಕಳ ಓದು ಎಲ್ಲ ಹಾಗೆಯೇ ಇದ್ದರೆ ಮತ್ತೆ ಸಾಲ ಮಾಡಲೇಬೇಕು. ಆಗ ಸಾಲ ಕೊಡುವವನು ಕಾಯ್ದೆಗೆ ಹೆದರಿ ಚೀಟಿ ಬರೆಯದೆ, ಹೆಚ್ಚು ಬಡ್ಡಿಗೆ ಕೊಡುತ್ತಾನೆ.

ವಾರದ ಕಂತು

2000ದ ನಂತರದ ವರ್ಷಗಳಲ್ಲಿ ಕಿರುಸಾಲ ಸಂಸ್ಥೆಗಳು ನಮ್ಮ ಬೀದಿಗಳಿಗೆ ಬಂದವು. ಗಿರವಿ ಬೇಡ, ಜಾಮೀನಿಗೆ ಗುಂಪಿನ ಹೆಂಗಸರೇ ಸಾಕು. ಬ್ಯಾಂಕಿನ ಮೆಟ್ಟಿಲು ಹತ್ತದವರಿಗೆ ಇದು ವರವಾಗಿ ಕಂಡದ್ದರಲ್ಲಿ ತಪ್ಪಿಲ್ಲ. ಹೊಲಿಗೆ ಯಂತ್ರ ಕೊಂಡವರೂ ಅಂಗಡಿ ಹಾಕಿದವರೂ ಇದ್ದಾರೆ. ಆದರೆ ಬಹಳ ಮನೆಗಳಲ್ಲಿ ಒಂದು ಸಂಘದ ಕಂತು ಕಟ್ಟಲು ಇನ್ನೊಂದು ಸಂಘದ ಸಾಲ ಬಂತು.

ಲೆಕ್ಕ ತಿಳಿಯಲು ಒಂದು ಉದಾಹರಣೆ ನೋಡಿ. 10,000 ರೂಪಾಯಿ ಸಾಲ. ವಾರಕ್ಕೆ 225 ರೂಪಾಯಿಯಂತೆ 50 ಕಂತು. ಒಟ್ಟು ಕಟ್ಟುವುದು 11,250. ಬಡ್ಡಿ 1,250, ಅಂದರೆ ನೂರಕ್ಕೆ ಹನ್ನೆರಡೂವರೆ ಎಂದು ಹೇಳುತ್ತಾರೆ. ಆದರೆ ಹತ್ತು ಸಾವಿರವೂ ವರ್ಷವಿಡೀ ನಿಮ್ಮ ಕೈಯಲ್ಲಿ ಇರುವುದಿಲ್ಲ. ಪ್ರತಿ ವಾರ ಅಸಲು ಕರಗುತ್ತಾ ಹೋಗುತ್ತದೆ. ಸರಾಸರಿ ನಿಮ್ಮ ಬಳಿ ಇರುವುದು ಐದು ಸಾವಿರದಷ್ಟು. ಆದ್ದರಿಂದ ನಿಜವಾದ ಬಡ್ಡಿ ಹೇಳಿದ್ದರ ಸುಮಾರು ಎರಡರಷ್ಟಾಗುತ್ತದೆ. ಇದು ಪ್ರೌಢಶಾಲೆಯ ಗಣಿತ. ಆದರೆ ಸಾಲ ಪಡೆಯುವ ಮನೆಯಲ್ಲಿ ಈ ಗಣಿತವನ್ನು ಎಷ್ಟು ಮಂದಿ ಮಾಡುತ್ತಾರೆ?

2009ರ ಆರಂಭದಲ್ಲಿ ಇದು ಸ್ಫೋಟಗೊಂಡಿತು. ಕೋಲಾರದಲ್ಲಿ ಅಂಜುಮನ್ ಮುಖಂಡರು ಮುಸ್ಲಿಂ ಮಹಿಳೆಯರು ಕಂತು ಕಟ್ಟಬಾರದೆಂದು ಹೇಳಿದರು. ಶಿಡ್ಲಘಟ್ಟ, ರಾಮನಗರ, ಮೈಸೂರಿನಲ್ಲಿಯೂ ಮರುಪಾವತಿ ನಿಂತಿತು. ಹಲವು ಸಾಲಗಳ ಹೊರೆ, ರೇಷ್ಮೆ ಉದ್ಯೋಗದ ಕುಸಿತ, ವಸೂಲಿಗಾರರ ಒತ್ತಡ ಎಲ್ಲವೂ ಅದರ ಹಿಂದೆ ಇದ್ದವು. ಮುಖಂಡರ ಕಳಕಳಿಯನ್ನು ಅಲ್ಲಗಳೆಯುವಂತಿಲ್ಲ. ಆದರೆ ಪರಿಣಾಮವನ್ನೂ ನೋಡಬೇಕು. ಸಂಸ್ಥೆಗಳು ಆ ಬೀದಿಗಳಿಗೆ ಹೊಸ ಸಾಲ ಕೊಡುವುದನ್ನು ನಿಲ್ಲಿಸಿದವು. ಕಂತು ನಿಂತರೂ ಮನೆಯ ಕೊರತೆ ನಿಲ್ಲಲಿಲ್ಲ. ಬೇಡ ಎಂದು ಹೇಳುವುದು ಸುಲಭ, ಬದಲಿ ದಾರಿ ಕಟ್ಟಿಕೊಡುವುದು ಕಷ್ಟ ಎಂಬ ಪಾಠ ನಮ್ಮಂಥ ಸಂಘಸಂಸ್ಥೆಗಳಿಗೆ ಅದರಲ್ಲಿದೆ.

2022ರಲ್ಲಿ ರಿಸರ್ವ್ ಬ್ಯಾಂಕ್ ಹೊಸ ನಿಯಮ ಮಾಡಿತು. ಒಂದು ಕುಟುಂಬದ ಎಲ್ಲ ಸಾಲದ ಕಂತುಗಳೂ ಸೇರಿ ತಿಂಗಳ ವರಮಾನದ ಅರ್ಧವನ್ನು ಮೀರಬಾರದು. ಸಾಲದ ಕಾರ್ಡು ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿರಬೇಕು. ಬೆಳಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಕರೆ ಮಾಡಬಾರದು. ಹೀಗಿದ್ದೂ 2025ರ ಆರಂಭದಲ್ಲಿ ಮೈಸೂರು, ಚಾಮರಾಜನಗರ ಜಿಲ್ಲೆಗಳಿಂದ ಸಾಲಗಾರರು ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿಗಳು ಬಂದವು. ಆ ವರ್ಷ ಫೆಬ್ರವರಿ 12ರಂದು ರಾಜ್ಯ ಸರ್ಕಾರ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ಹೊರಡಿಸಿ, ನಂತರ ಅದನ್ನು ಕಾಯ್ದೆ ಮಾಡಿತು. ತಪ್ಪಿತಸ್ಥರಿಗೆ 10 ವರ್ಷದವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡ.

ನಾವು ಮಾಡಬಹುದಾದದ್ದು

1933ರಿಂದ 2025ರವರೆಗಿನ ಈ ಚರಿತ್ರೆಯಿಂದ ಎರಡು ಮಾತು ಸ್ಪಷ್ಟವಾಗುತ್ತವೆ. ಸಾಲ ಎಂಬುದು ಕೂಲಿಯ ಕೊರತೆಯ ಇನ್ನೊಂದು ಹೆಸರು. ಕೂಲಿ ಸರಿಯಾಗದೆ ಸಾಲ ನಿಲ್ಲುವುದಿಲ್ಲ. ಎರಡನೆಯದು, ಕೂಲಿಯ ಹಕ್ಕಾಗಲಿ ಸಾಲದ ರಕ್ಷಣೆಯಾಗಲಿ ದೊರೆಯುವುದು ಕೈಯಲ್ಲಿ ದಾಖಲೆ ಇದ್ದವರಿಗೆ, ಅದನ್ನು ಓದಬಲ್ಲವರಿಗೆ.

ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘವಾದ ಸೂಕ್ತ ಯಾವ ವಿಷಯದ ಕುರಿತದ್ದು ಗೊತ್ತೇ? ಅಲ್ ಬಕರಾ ಅಧ್ಯಾಯದ 282ನೆಯ ಆ ಸೂಕ್ತ ಸಾಲದ ವ್ಯವಹಾರವನ್ನು ಸಾಕ್ಷಿಗಳ ಸಹಿತ ಬರೆದಿಡುವುದನ್ನು ಕುರಿತದ್ದು. ಝಕಾತ್ ಪಡೆಯಲು ಅರ್ಹರಾದ ಎಂಟು ವರ್ಗಗಳಲ್ಲಿ ಸಾಲದಲ್ಲಿ ಮುಳುಗಿದವರೂ ಸೇರಿದ್ದಾರೆ. ಸಾಲಗಾರನಿಗೆ ನೆರವಾಗುವುದೂ ಲೆಕ್ಕ ಬರೆದಿಡುವುದೂ ನಮಗೆ ಹೊಸ ಮಾತುಗಳಲ್ಲ.

ಸದಸ್ಯ ಬಾಂಧವರೇ, ವಿದ್ಯಾರ್ಥಿವೇತನ ಹಂಚುವ ದಿನವೇ ತಾಯಂದಿರ ಗುರುತಿನ ಚೀಟಿ, ಭವಿಷ್ಯನಿಧಿಯ ಸಂಖ್ಯೆ, ಸಾಲದ ಕಾರ್ಡುಗಳನ್ನು ನೋಡಿಕೊಡುವ ಒಂದು ಮೇಜನ್ನೂ ಹಾಕಬಹುದು. ಕಾರ್ಮಿಕ ಇಲಾಖೆಗೆ ಅರ್ಜಿ ಬರೆದುಕೊಡಲು ಒಬ್ಬ ವಕೀಲರು, ಇಬ್ಬರು ಶಿಕ್ಷಕರು ಸಾಕು. ಇದಕ್ಕೆ ದೊಡ್ಡ ನಿಧಿ ಬೇಕಿಲ್ಲ.

ವಿದ್ಯಾರ್ಥಿ ಮಿತ್ರರೇ, ಈ ವಾರ ಮನೆಯಲ್ಲಿ ಮೂರು ಪ್ರಶ್ನೆ ಕೇಳಿ. ಅಮ್ಮೀಜಾನ್ ಕಟ್ಟುವ ಬೀಡಿ ಯಾರ ಹೆಸರಿನಲ್ಲಿ ದಾಖಲಾಗುತ್ತಿದೆ? ಲೆಕ್ಕದ ಪುಸ್ತಕ ಎಲ್ಲಿದೆ? ಸಾಲದ ಕಾರ್ಡಿನಲ್ಲಿ ಬರೆದಿರುವ ಬಡ್ಡಿ ಎಷ್ಟು, ನಿಜವಾಗಿ ಕಟ್ಟುತ್ತಿರುವುದು ಎಷ್ಟು? ಉತ್ತರಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಡಿ. ನಿಮ್ಮನ್ನು ಓದಿಸಿದ ದುಡಿಮೆಗೆ ನಿಮ್ಮ ಓದಿನಿಂದ ಸಲ್ಲಬೇಕಾದ ಮೊದಲ ಕೆಲಸ ಇದೇ.