ನಡುಗೋಡೆಯೂ ತಲೆಬಾಗಿಲೂ: ಬೆಂಕಿಯ ಕಟ್ಟಳೆಗಳ ಚರಿತ್ರೆಯಲ್ಲಿ ಒಂದು ವಿಚಾರ

ತನ್ನ ಮನೆಯ ಒಳಗೋಡೆಯನ್ನು ಕೆಡವುವುದಕ್ಕೂ ಬಾಗಿಲನ್ನು ಬದಲಾಯಿಸುವುದಕ್ಕೂ ಗೃಹಸ್ಥನು ಸ್ವತಂತ್ರನೆಂಬುದು ಲೋಕರೂಢಿಯಾದ ಭಾವನೆ. ಒಂಟಿಮನೆಯ ವಿಷಯದಲ್ಲಿ ಇದು ಬಹುಮಟ್ಟಿಗೆ ದಿಟವೇ. ಆದರೆ ಅನೇಕ ಸಂಸಾರಗಳು ಒಂದರ ಮೇಲೊಂದರಂತೆ ನೆಲಸಿರುವ ಕಟ್ಟಡದಲ್ಲಿ ಒಬ್ಬನ ಗೋಡೆಯು ಮತ್ತೊಬ್ಬನಿಗೆ ರಕ್ಷೆಯೂ ಆಗಿರುತ್ತದೆ. ಈ ತತ್ತ್ವವು ಕ್ರಮಕ್ರಮವಾಗಿ ಕಟ್ಟಳೆಯ ರೂಪವನ್ನು ತಾಳಿದ ಬಗೆಯನ್ನು ತಿಳಿಯುವುದಕ್ಕೆ ಲಂಡನ್ ನಗರದ ಚರಿತ್ರೆಯು ವಿಶೇಷವಾಗಿ ಸಹಾಯಕವಾಗಿದೆ.

ಈ ಚಿಂತೆಯು ಪ್ರಾಚೀನರಿಗೆ ಅಪರಿಚಿತವಾಗಿರಲಿಲ್ಲ. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಊರಿನಲ್ಲಿ ಬೆಂಕಿ ಬಿದ್ದಾಗ ನೆರವಿಗೆ ಓಡಿಬಾರದ ಮನೆಯೊಡೆಯನಿಗೆ ಹನ್ನೆರಡು ಪಣಗಳ ದಂಡವೂ ಬಾಡಿಗೆಯವನಿಗೆ ಆರು ಪಣಗಳ ದಂಡವೂ ಹೇಳಲ್ಪಟ್ಟಿವೆ. ನೆರೆಹೊರೆಯವರು ಪರಸ್ಪರ ಒಪ್ಪಿ ಬೇಕಾದಂತೆ ಮನೆ ಕಟ್ಟಿಕೊಳ್ಳಬಹುದು, ಆದರೆ ಹಾನಿಕರವಾದುದನ್ನು ವರ್ಜಿಸಬೇಕು ಎಂಬ ವಿಧಿಯೂ ಅಲ್ಲಿಯೇ ಉಂಟು. ರೋಮಿನಲ್ಲಿ ಕ್ರಿ. ಶ. 64ರ ಮಹಾದಹನದ ತರುವಾಯ ನೀರೋ ಚಕ್ರವರ್ತಿಯು ಪ್ರತಿಯೊಂದು ಮನೆಗೂ ತನ್ನದೇ ಆದ ಗೋಡೆಗಳಿರತಕ್ಕದ್ದೆಂದು ವಿಧಿಸಿದುದಾಗಿ ಟ್ಯಾಸಿಟಸನು ಬರೆದಿದ್ದಾನೆ. ಮೇಲ್ಮಹಡಿಯ ಬಾಡಿಗೆದಾರರೆಲ್ಲರೂ ತಮ್ಮ ತಮ್ಮ ಕೋಣೆಗಳಲ್ಲಿ ನೀರನ್ನಿಟ್ಟುಕೊಂಡಿರಬೇಕೆಂಬ ಎಚ್ಚರಿಕೆಯು ರೋಮನ್ ಧರ್ಮಶಾಸ್ತ್ರದ ಸಂಗ್ರಹದಲ್ಲಿ ಉಳಿದುಬಂದಿದೆ. ಒಡೆಯನೆಂದೂ ಬಾಡಿಗೆಯವನೆಂದೂ ಭೇದವಿಲ್ಲದೆ ಒಳಗೆ ವಾಸಿಸುವವನೇ ಹೊಣೆಗಾರನೆಂಬ ಅಂಶವು ಎರಡು ದೇಶಗಳಲ್ಲಿಯೂ ಕಂಡುಬರುವುದು ಗಮನಾರ್ಹವಾದುದು.

ಲಂಡನ್ನಿನ ಮೊದಲ ಮೇಯರನಾದ ಹೆನ್ರಿ ಫಿಟ್ಜ್-ಐಲ್ವಿನನ ಹೆಸರಿನಲ್ಲಿ ಪ್ರಸಿದ್ಧವಾದ ಕಟ್ಟಡಗಳ ನಿಬಂಧನೆಯು ಪರಂಪರೆಯ ಪ್ರಕಾರ 1189ನೆಯ ವರ್ಷದ್ದು. ಸ್ಟೀಫನ್ ದೊರೆಯ ಕಾಲದಲ್ಲಿ ನಗರದ ಬಹುಭಾಗವು ಸುಟ್ಟುಹೋಯಿತೆಂದೂ, ಆಮೇಲೆ ಕೆಲವರು ಕಲ್ಲಿನ ಮನೆಗಳನ್ನು ಕಟ್ಟಿಕೊಂಡರೆಂದೂ, ಬೆಂಕಿಯು ಹಲವು ಸಲ ಅಂತಹ ಮನೆಯವರೆಗೆ ಬಂದು ನಿಂತುದರಿಂದ ನೆರೆಯವರ ಮನೆಗಳೂ ಉಳಿದುವೆಂದೂ ಅದರಲ್ಲಿ ಕಾರಣವು ನಿರೂಪಿತವಾಗಿದೆ. ನೆರೆಯವರಿಬ್ಬರು ತಮ್ಮ ನಡುವೆ ಕಲ್ಲಿನ ಗೋಡೆಯನ್ನೆಬ್ಬಿಸಲು ಒಡಂಬಟ್ಟರೆ, ಒಬ್ಬೊಬ್ಬನೂ ಒಂದೂವರೆ ಅಡಿ ನೆಲವನ್ನು ಬಿಟ್ಟುಕೊಟ್ಟು, ಮೂರಡಿ ದಪ್ಪವೂ ಹದಿನಾರು ಅಡಿ ಎತ್ತರವೂ ಉಳ್ಳ ಗೋಡೆಯನ್ನು ಕಟ್ಟಿಸಬೇಕು. ಅನಂತರ ಇಬ್ಬರೂ ತಮ್ಮ ತಮ್ಮ ಕಡೆಯಿಂದ ಅದರಲ್ಲಿ ಗೂಡುಗಳನ್ನು ತೆಗೆಯಬಹುದು. ಆದರೆ ಒಂದು ಗೂಡು ಒಂದಡಿಗಿಂತ ಆಳವಾಗಿರಬಾರದು, ಎರಡು ಗೂಡುಗಳ ಮಧ್ಯದಲ್ಲಿ ಒಂದಡಿಯಾದರೂ ಕಲ್ಲು ಉಳಿದಿರಬೇಕು. ಒಳಗಿನ ಮಾರ್ಪಾಟು ಎಷ್ಟರವರೆಗೆ ಸ್ವಂತದ್ದು, ಎಲ್ಲಿಂದ ಮುಂದೆ ನೆರೆಯವನದು ಎಂಬ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರವು ದೊರೆಯುವುದು ಕಷ್ಟ.

ಆದರೂ ಮರದ ಮನೆಗಳು ಉಳಿದವು. 1666ನೆಯ ಸೆಪ್ಟೆಂಬರಿನ ಬೆಂಕಿಯಲ್ಲಿ ಸುಮಾರು 13,200 ಮನೆಗಳು ನಾಶವಾದುವು. ಮರುವರ್ಷದ ಶಾಸನವು ಮನೆಗಳನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿ, ಇಟ್ಟಿಗೆ ಅಥವಾ ಕಲ್ಲನ್ನು ಕಡ್ಡಾಯಮಾಡಿ, ಗೋಡೆಗಳ ದಪ್ಪವನ್ನು ಗೊತ್ತುಪಡಿಸಿತು. 1774ರ ಶಾಸನವು ದರ್ಜೆಗಳನ್ನು ಏಳಕ್ಕೇರಿಸಿತು. ಇದುವರೆಗಿನ ಕಟ್ಟಳೆಗಳೆಲ್ಲವೂ ಪಕ್ಕಪಕ್ಕದ ಮನೆಗಳನ್ನು ಉದ್ದೇಶಿಸಿದುವು. ಇಪ್ಪತ್ತನೆಯ ಶತಮಾನದಲ್ಲಿ ಮನೆಗಳು ಒಂದರ ಮೇಲೊಂದು ಏರಿದಾಗ ನೆರೆಯವನು ತಲೆಯ ಮೇಲೂ ಕಾಲ ಕೆಳಗೂ ಬಂದನು. ನಡುಗೋಡೆಯ ತತ್ತ್ವವು ಸೂರಿಗೂ ನೆಲಕ್ಕೂ ವ್ಯಾಪಿಸಿತು. ಪ್ರತಿಯೊಂದು ಫ್ಲಾಟೂ ಬೆಂಕಿಯನ್ನು ತನ್ನೊಳಗೇ ಹಿಡಿದಿಡುವ ಪೆಟ್ಟಿಗೆಯಾಗಿರಬೇಕು. ಹಾಗಾದರೆ ಒಂದು ಮನೆಯಲ್ಲಿ ಬೆಂಕಿಯೆದ್ದರೂ ಉಳಿದವರು ತಮ್ಮ ಮನೆಗಳಲ್ಲಿಯೇ ಕ್ಷೇಮವಾಗಿರಬಹುದು. 1962ರ ಬ್ರಿಟಿಷ್ ನಿರ್ಮಾಣಸಂಹಿತೆಯು ಎತ್ತರದ ಕಟ್ಟಡಗಳಿಗೆ ಈ ನಂಬಿಕೆಯನ್ನೇ ಆಧಾರವಾಗಿಟ್ಟುಕೊಂಡಿತು.

ಪೆಟ್ಟಿಗೆಯಲ್ಲಿ ಅನಿವಾರ್ಯವಾದ ರಂಧ್ರವೊಂದಿದೆ, ಅದು ತಲೆಬಾಗಿಲು. ಆದುದರಿಂದಲೇ ಅದು ಸುಮಾರು ಅರ್ಧಗಂಟೆ ಬೆಂಕಿಯನ್ನು ತಡೆಯಬೇಕು, ಅಂಚಿನಲ್ಲಿ ಕಾವಿಗೆ ಉಬ್ಬಿ ಸಂದನ್ನು ಮುಚ್ಚುವ ಪಟ್ಟಿಯನ್ನು ಹೊಂದಿರಬೇಕು, ಬಿಟ್ಟೊಡನೆ ತಾನಾಗಿಯೇ ಮುಚ್ಚಿಕೊಳ್ಳಬೇಕು ಎಂಬ ನಿಯಮಗಳು ಹುಟ್ಟಿದುವು. ಒಳಗಿನ ನಡುವಂಕಣದ ಗೋಡೆಗಳಿಗೂ ಬಾಗಿಲುಗಳಿಗೂ ಇದೇ ಬಗೆಯ ಅರ್ಥವುಂಟು. ಅಡುಗೆಮನೆಗೂ ನಡುವಂಕಣಕ್ಕೂ ನಡುವಣ ಗೋಡೆಯನ್ನು ತೆಗೆದರೆ ಮನೆಯು ವಿಶಾಲವಾಗಿ ಕಾಣುವುದು ನಿಜ. ಆದರೆ ಮಲಗುವ ಕೋಣೆಯವನು ಹೊರಕ್ಕೆ ಬರಬೇಕಾದ ದಾರಿಯು ಒಲೆಯ ಮುಂದೆಯೇ ಹಾಯುತ್ತದೆ. ಇಂಗ್ಲೆಂಡಿನ ಮಾರ್ಗದರ್ಶಿಯು ಒಂದೋ ಅರ್ಧಗಂಟೆಯ ಬೆಂಕಿತಡೆಯುಳ್ಳ ನಡುವಂಕಣವನ್ನು, ಇಲ್ಲವೇ ಒಲೆಯನ್ನು ದೂರವಿಟ್ಟು ತಲೆಬಾಗಿಲಿನಿಂದ 9 ಮೀಟರಿನೊಳಗೆ ಮುಗಿಯುವ ಮನೆಯನ್ನು ಬಯಸುತ್ತದೆ. ಬೇರೆ ಯೋಜನೆಗಳಿಗೆ ತಾನಾಗಿ ನೀರೆರಚುವ ಏರ್ಪಾಡು ಮುಂತಾದ ಪರಿಹಾರಗಳನ್ನು ಒಪ್ಪುವ ಸಂಹಿತೆಗಳಿವೆ. ಮಾರ್ಪಾಟು ಸರ್ವಥಾ ನಿಷಿದ್ಧವಲ್ಲ. ಕಳೆದ ರಕ್ಷೆಗೆ ಸಮನಾದ ರಕ್ಷೆಯನ್ನು ತುಂಬಿಕೊಡಬೇಕೆಂಬುದೇ ವಿಧಿಯ ತಾತ್ಪರ್ಯ.

ಈ ತಾತ್ಪರ್ಯವು ಮರೆತುಹೋದುದರ ಫಲವು ಲಂಡನ್ನಿನ ಲಕನಾಲ್ ಹೌಸ್ ಎಂಬ ಹದಿನಾಲ್ಕು ಅಂತಸ್ತಿನ ಕಟ್ಟಡದಲ್ಲಿ 2009ನೆಯ ಜುಲೈ 3ರಂದು ಪ್ರಕಟವಾಯಿತು. ಒಂದು ಮನೆಯ ಟೆಲಿವಿಷನ್ನಿನಿಂದ ಹುಟ್ಟಿದ ಬೆಂಕಿಯು ಇತರ ಮಹಡಿಗಳಿಗೆ ಹಬ್ಬಿ, ಮೂವರು ಮಕ್ಕಳೂ ಸೇರಿ ಆರು ಮಂದಿ ಮೃತರಾದರು. ಕಿಟಕಿಗಳ ಕೆಳಗಿನ ಹಲಗೆಗಳು ನವೀಕರಣದಲ್ಲಿ ಬದಲಾಗಿದ್ದುವು, ಅವು ಬೆಂಕಿಯನ್ನು ತಡೆಯಲಿಲ್ಲ. ಮನೆಗಳ ಮೆಟ್ಟಿಲ ತಳದ ಮರದ ಹೊದಿಕೆಗೆ ತಕ್ಕ ಬೆಂಕಿತಡೆಯಿರಲಿಲ್ಲ. ಬಾಗಿಲುಗಳಲ್ಲಿ ತಡೆಪಟ್ಟಿಗಳು ಇರಲಿಲ್ಲ. ಒಳಗೇ ಇರಿ ಎಂಬ ಸೂಚನೆಯನ್ನು ನಂಬಿದವರಿಗೆ, ಆ ನಂಬಿಕೆಗೆ ಆಧಾರವಾದ ಪೆಟ್ಟಿಗೆಯೇ ಇರಲಿಲ್ಲ. 2017ನೆಯ ಜೂನ್ 14ರಂದು 72 ಜನರನ್ನು ಬಲಿತೆಗೆದುಕೊಂಡ ಗ್ರೆನ್‌ಫೆಲ್ ಗೋಪುರದ ಬೆಂಕಿಯು ಮುಖ್ಯವಾಗಿ ಹೊರಹೊದಿಕೆಯ ಮೂಲಕ ಹಬ್ಬಿತು. ಆದರೆ ಕೆಲವು ತಲೆಬಾಗಿಲುಗಳು ತಾವಾಗಿ ಮುಚ್ಚಿಕೊಳ್ಳದೆ ಇದ್ದುದರಿಂದ ಹೊಗೆಯು ಓಣಿಗಳಿಗೆ ನುಗ್ಗಿತೆಂದು ವಿಚಾರಣೆಯಲ್ಲಿ ಸ್ಪಷ್ಟವಾಯಿತು. 2023ನೆಯ ಜನವರಿಯಿಂದ ಇಂಗ್ಲೆಂಡಿನಲ್ಲಿ 11 ಮೀಟರಿಗಿಂತ ಎತ್ತರದ ವಸತಿಕಟ್ಟಡಗಳ ಪ್ರತಿಯೊಂದು ಫ್ಲಾಟಿನ ತಲೆಬಾಗಿಲನ್ನೂ ವರ್ಷಕ್ಕೊಮ್ಮೆ ಪರೀಕ್ಷಿಸಲು ಪ್ರಯತ್ನಿಸುವುದು ಹೊಣೆಗಾರರ ಕರ್ತವ್ಯವಾಗಿದೆ.

ಮೇಲಿನ ನಿದರ್ಶನಗಳಿಂದ ವ್ಯಕ್ತವಾಗುವುದಿಷ್ಟು. ಕಟ್ಟಳೆಯು ಪ್ರತಿಸಲವೂ ಬೆಂಕಿಯ ಹಿಂದೆ ಬಂದಿದೆ, ಮುಂದೆ ಬಂದುದು ಅಪೂರ್ವ. ಗೋಡೆಯು ಬೆಂಕಿಯನ್ನು ತಡೆದಷ್ಟು ಕಾಲ ಅದು ತಡೆಯುತ್ತಿದೆಯೆಂಬುದು ಯಾರ ಕಣ್ಣಿಗೂ ಬೀಳುವುದಿಲ್ಲ. ಅನುಪಯುಕ್ತವೆಂದು ತೋರಿದುದನ್ನು ಮನುಷ್ಯನು ತೆಗೆದುಹಾಕುತ್ತಾನೆ. ಹನ್ನೆರಡನೆಯ ಶತಮಾನದ ನಿಬಂಧನಕಾರರು ಗೂಡು ತೆಗೆಯುವ ಸ್ವಾತಂತ್ರ್ಯವನ್ನು ಇಬ್ಬರಿಗೂ ಕೊಟ್ಟು, ನಡುವಣ ಒಂದಡಿ ಕಲ್ಲನ್ನು ಮಾತ್ರ ಯಾರಿಗೂ ಕೊಡಲಿಲ್ಲ. ಬಹುಮಹಡಿಗಳ ಕಾಲದಲ್ಲಿಯೂ ಮನೆಯನ್ನು ಮಾರ್ಪಡಿಸುವವನು ಮೊದಲು ಅಳೆದು ನೋಡಬೇಕಾದುದು ಆ ಒಂದಡಿಯನ್ನೇ.