ದಿ ನೈಟ್ ಲೈಫ್ ಆಫ್ ಟ್ರೀಸ್
ಕೈಯಲ್ಲೇ ಅಚ್ಚಾದ ಪುಸ್ತಕ, ತಾರಾ ಬುಕ್ಸ್, ಚೆನ್ನೈ, ಮೊದಲ ಪ್ರಕಟಣೆ 2006

ಗೊಂಡ ಜನರ ನಂಬಿಕೆಯಲ್ಲಿ ಮರಗಳು ಹಗಲೆಲ್ಲ ನೆರಳು, ಹಣ್ಣು ಕೊಟ್ಟು ದುಡಿಯುತ್ತವೆ. ರಾತ್ರಿ ತಮ್ಮ ನಿಜರೂಪ ತೋರುತ್ತವೆ. ಆ ಮರಗಳನ್ನು ಇಲ್ಲಿ ಚಿತ್ರಿಸಿದವರು ಮಧ್ಯಪ್ರದೇಶದ ಮೂವರು ಗೊಂಡ ಕಲಾವಿದರು: ಭಜ್ಜು ಶ್ಯಾಮ್, ದುರ್ಗಾಬಾಯಿ ಮತ್ತು ರಾಮ್ ಸಿಂಗ್ ಉರ್ವೇತಿ. ಮನೆಯ ಗೋಡೆ, ನೆಲದ ಮೇಲೆ ಬೆಳೆದ ಕಲೆ ಇದು.

ಹಾಳೆ ಹತ್ತಿಯ ಚಿಂದಿಯಿಂದ ಕೈಯಲ್ಲಿ ಮಾಡಿದ್ದು. ಅಚ್ಚಿಗೆ ಒಂದೊಂದು ಬಣ್ಣಕ್ಕೂ ಬೇರೆ ಜಾಲರಿ ಪರದೆ. ಅದರ ಮೂಲಕ ಶಾಯಿಯನ್ನು ಒತ್ತಿ, ಒಣಗಿಸಿ, ಆಮೇಲೆ ಮುಂದಿನ ಬಣ್ಣ. ಹೊಲಿಗೆಯೂ ಕೈಯದೇ. ಒಂದೊಂದು ಪ್ರತಿಗೂ ಅದರದೇ ಸಂಖ್ಯೆ ಇದೆ. ಆದರೂ ಇದು ಅಪರೂಪದ ವಸ್ತುವೆಂದು ಬೀರುವಿನಲ್ಲಿಡಲಿ ಎಂದು ಮಾಡಿದ ಪುಸ್ತಕವಲ್ಲ, ಮತ್ತೆ ಮತ್ತೆ ಅಚ್ಚಾಗಿ ಹಲವು ದೇಶಗಳ ಓದುಗರ ಕೈ ಸೇರಿದೆ.

ಸ್ವಲ್ಪ ಬಗ್ಗಿ ಓರೆಯಾಗಿ ನೋಡಿ: ಕಪ್ಪು ಹಾಳೆಯ ಮೇಲೆ ಶಾಯಿ ತೆಳುವಾಗಿ ಉಬ್ಬಿ ನಿಂತಿದೆ, ರಂಗೋಲಿಯ ಎಳೆಯಂತೆ. ಎಲೆ, ಕಾಂಡಗಳ ಒಳಗೆ ತುಂಬಿದ ಸಣ್ಣ ಗೆರೆ, ಚುಕ್ಕೆಗಳನ್ನೂ ಗಮನಿಸಿ. ಗೊಂಡ ಕಲಾವಿದರು ಸಾಮಾನ್ಯವಾಗಿ ತಮ್ಮದೇ ಆದ ವಿನ್ಯಾಸದಿಂದ ಚಿತ್ರವನ್ನು ತುಂಬುತ್ತಾರೆ. ಒಂದು ಪುಟಕ್ಕೂ ಇನ್ನೊಂದಕ್ಕೂ ಕೈ ಬದಲಾದದ್ದು ಅದರಿಂದಲೇ ತಿಳಿಯುತ್ತದೆ.